ತಿಂಗಳ ಪಥ್ಯಕ್ಕೆ ಚಾತುರ್ಮಾಸ್ಯದ ಪಾಠ

(ಮಹಿಳಾ ಸಮಾಜವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮೂವತ್ತು ದಿನ ಸಕ್ಕರೆ ಮುಟ್ಟುವುದಿಲ್ಲ, ಮೈದಾ ತಿನ್ನುವುದಿಲ್ಲ, ಪೊಟ್ಟಣದ ತಿಂಡಿ ಕೊಳ್ಳುವುದಿಲ್ಲ ಎಂದು ಪಣ ತೊಡುವವರು ಈಗ ಅನೇಕ ಮನೆಗಳಲ್ಲಿದ್ದಾರೆ. ಇದಕ್ಕೆ 'ಕ್ಲೀನ್ ಈಟಿಂಗ್' ಎಂಬ ಹೆಸರೂ ಬಂದಿದೆ. ಒಂದನೇ ತಾರೀಖು ಉತ್ಸಾಹದಿಂದ ಆರಂಭವಾದ ಪಣ ಎಂಟು ಹತ್ತು ದಿನಗಳಲ್ಲಿ ಮುರಿದುಬೀಳುವುದೂ ಉಂಟು. ಆಗ ನಾವು ನಾಲಗೆಯ ಚಪಲವನ್ನು ದೂರುತ್ತೇವೆ. ನನ್ನ ದೃಷ್ಟಿಯಲ್ಲಿ ತಪ್ಪು ನಾಲಗೆಯದಕ್ಕಿಂತ ಉಗ್ರಾಣದ್ದೇ ಹೆಚ್ಚು. ಅದು ಹೇಗೆಂದು ತಿಳಿಯಲು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಚಾತುರ್ಮಾಸ್ಯವನ್ನು ನೋಡೋಣ.

ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಸನ್ಯಾಸಿಗಳು ಒಂದೆಡೆ ನೆಲೆಸುವ ಪದ್ಧತಿ ಬಹಳ ಹಳೆಯದು. ಜೈನ ಮುನಿಗಳು ಮೊಳಕೆಗಳೂ ಕ್ರಿಮಿಕೀಟಗಳೂ ಕಾಲಿಗೆ ಸಿಕ್ಕಿ ಸಾಯಬಾರದೆಂದು ನಾಲ್ಕು ತಿಂಗಳು ಒಂದೇ ಊರಿನಲ್ಲಿರುತ್ತಾರೆ. ಬೌದ್ಧ ಭಿಕ್ಷುಗಳ ವರ್ಷಾವಾಸ ಮೂರು ತಿಂಗಳದು. ವೈದಿಕ ಸಂಪ್ರದಾಯದಲ್ಲಿ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯವರೆಗಿನ ಅವಧಿಯಲ್ಲಿ ಗೃಹಸ್ಥರಿಗೂ ಊಟದ ನಿಯಮಗಳಿವೆ. ಕರ್ನಾಟಕದ ಅನೇಕ ಮಾಧ್ವ ಮನೆಗಳಲ್ಲಿ ಅವು ಇಂದಿಗೂ ನಡೆಯುತ್ತಿವೆ.

ಈ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲನೆಯದು ಶಾಕವ್ರತ: ಸೊಪ್ಪು, ತರಕಾರಿ, ಹಣ್ಣು ವರ್ಜ್ಯ. ಎರಡನೆಯದು ದಧಿವ್ರತ: ಮೊಸರಿಲ್ಲ. ಮೂರನೆಯದು ಕ್ಷೀರವ್ರತ: ಹಾಲಿಲ್ಲ. ಕೊನೆಯದು ದ್ವಿದಳವ್ರತ: ಒಡೆದರೆ ಎರಡು ಹೋಳಾಗುವ ಬೇಳೆಕಾಳುಗಳಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ನಾಲ್ಕನ್ನೂ ಒಮ್ಮೆಲೇ ಬಿಡಿಸುವುದಿಲ್ಲ. ಕ್ಷೀರವ್ರತ ಬರುವ ಹೊತ್ತಿಗೆ ತರಕಾರಿಯೂ ಮೊಸರೂ ಎಲೆಗೆ ಮರಳಿರುತ್ತವೆ. ತಿಂಗಳಿಗೊಂದು ವರ್ಗ, ಅದಕ್ಕೊಂದು ಮೊದಲು, ಒಂದು ಕೊನೆ.

ಇನ್ನೊಂದು ಅಂಶ ಸಿದ್ಧತೆ. ಶಾಕವ್ರತದ ತಿಂಗಳು ಹುಣಿಸೆಹಣ್ಣು, ಮೆಣಸಿನಕಾಯಿ, ತೆಂಗಿನಕಾಯಿ ಯಾವುದೂ ಸಲ್ಲದು. ಇವಿಲ್ಲದೆ ಸಾರು ಮಾಡುವುದು ಹೇಗೆ? ಮಾವಿನಕಾಯಿಗೆ ಅನುಮತಿಯಿದೆ. ಆದ್ದರಿಂದ ಬೇಸಿಗೆಯಲ್ಲೇ ಅದನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡಿ ಇಡುತ್ತಿದ್ದರು. ಹುಳಿಗೆ ಆ ಪುಡಿ, ಖಾರಕ್ಕೆ ಕಾಳುಮೆಣಸು, ಪರಿಮಳಕ್ಕೆ ಜೀರಿಗೆ. ಹೆಸರುಬೇಳೆ ತೊವ್ವೆ, ಮೆಣಸಿನ ಸಾರು, ಮೊಸರನ್ನ ಇದ್ದರೆ ಊಟ ತುಂಬುತ್ತಿತ್ತು. ಬಿಡಬೇಕಾದ ಪದಾರ್ಥದ ಜಾಗಕ್ಕೆ ಏನು ಬರಬೇಕೆಂಬುದು ವ್ರತ ಹಿಡಿಯುವ ಮೊದಲೇ ನಿಶ್ಚಯವಾಗಿರುತ್ತಿತ್ತು.

ಆದರೆ ಈ ಸಿದ್ಧತೆಯ ಭಾರ ಬಿದ್ದದ್ದು ಯಾರ ಮೇಲೆ? ಬಿಸಿಲಲ್ಲಿ ಒಣಗಿಸಿದವರು, ಒರಳಲ್ಲಿ ಕುಟ್ಟಿದವರು, ವ್ರತವಿಲ್ಲದ ಮಕ್ಕಳಿಗೂ ಕಾಯಿಲೆಯವರಿಗೂ ಬೇರೆ ಅಡುಗೆ ಮಾಡಿದವರು ಮನೆಯ ಹೆಂಗಸರು. ಇಂದೂ ಪತಿರಾಯರು ಪಣ ತೊಟ್ಟರೆ ಎರಡು ಒಲೆ ಹಚ್ಚುವವಳು ಮಡದಿಯೇ. ಪಥ್ಯ ಮಾಡುವವರು ತಮ್ಮ ತರಕಾರಿಯನ್ನು ತಾವೇ ತಂದು ಹೆಚ್ಚಲಿ ಎಂಬುದು ನನ್ನ ಮೊದಲ ಸಲಹೆ.

ಎರಡನೆಯ ಸಲಹೆ: ಹಿಂದಿನವರ ಕ್ರಮವನ್ನು ಅನುಸರಿಸಿ, ಅವರ ವರ್ಜ್ಯಗಳ ಪಟ್ಟಿಯನ್ನಲ್ಲ. ವ್ರತದ ಉದ್ದೇಶ ದೈವಭಕ್ತಿ, ನಮ್ಮದು ಆರೋಗ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನವೊಂದಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇರಲೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು. ಹಾಗಾಗಿ ಮೊದಲ ತಿಂಗಳು ಸಕ್ಕರೆ ಹಾಕಿದ ಪಾನೀಯ ಬಿಡಿ, ಎರಡನೆಯ ತಿಂಗಳು ಪೊಟ್ಟಣದ ಕುರುಕಲು, ಮೂರನೆಯದರಲ್ಲಿ ಬೇಕರಿ ತಿನಿಸು, ನಾಲ್ಕನೆಯದರಲ್ಲಿ ಕರಿದದ್ದು. ಆರಂಭಕ್ಕೆ ಒಂದು ವಾರ ಮೊದಲೇ ಮನೆಯಲ್ಲಿ ಉಳಿದ ಬಿಸ್ಕತ್ತು, ಚಿಪ್ಸ್ ಖಾಲಿಯಾಗಲಿ. ಆ ಡಬ್ಬಿಗಳಿಗೆ ಹುರಿಗಡಲೆ, ಕಡಲೇಕಾಯಿ ಬೀಜ, ಹುರಿದ ಅವಲಕ್ಕಿ ತುಂಬಿಡಿ. ಸಂಜೆ ನಾಲ್ಕಕ್ಕೆ ಹಸಿವಾದಾಗ ಕೈಗೆ ಸಿಗುವುದನ್ನೇ ನಾವು ತಿನ್ನುವುದು. ಆ ತಿಂಗಳಲ್ಲಿ ಬರುವ ಮದುವೆ, ಹಬ್ಬಗಳನ್ನೂ ಪಂಚಾಂಗದಲ್ಲಿ ನೋಡಿಕೊಂಡೇ ದಿನ ಗೊತ್ತುಮಾಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಕೊನೆಯದಾಗಿ ಒಂದು ಮಾತು. ನಮ್ಮದು 'ಶುದ್ಧ' ಆಹಾರ ಎಂದಾಗ ಇತರರದು ಅಶುದ್ಧ ಎಂಬ ಭಾವನೆ ತಾನಾಗಿ ನುಸುಳುತ್ತದೆ. ಮಡಿಯ ಹೆಸರಿನಲ್ಲಿ ಪಂಕ್ತಿಯಿಂದ ಜನರನ್ನು ಎಬ್ಬಿಸಿದ ಸಮಾಜ ನಮ್ಮದು. ಆ ತಪ್ಪು ಹೊಸ ಹೆಸರಿನಲ್ಲಿ ಮರುಕಳಿಸುವುದು ಬೇಡ. ನಿಮ್ಮ ಪಣ ನಿಮ್ಮ ಎಲೆಗೆ ಮಾತ್ರ ಇರಲಿ. ಪಕ್ಕದವರ ಎಲೆಗೆ ಅವರು ಬೇಡಿದ್ದನ್ನು ಪ್ರೀತಿಯಿಂದ ಬಡಿಸಿ.