ನೋಡುವುದೂ ನೋಡಿಕೊಳ್ಳುವುದೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡದ ಹಬ್ಬದಂದು ಇಂಗ್ಲಿಷಿನ ಮಾತೆತ್ತಿದೆವೆಂದು ತಾವು ಮುನಿಯಬಾರದು. ನಮ್ಮಲ್ಲಿ ಬಹುಮಂದಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಇಲ್ಲವೆ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಹೊಟ್ಟೆಪಾಡಿನ ಭಾಷೆಯನ್ನು ಅರ್ಧಂಬರ್ಧ ಕಲಿತರೆ ಆಗುವ ನಷ್ಟವೆಷ್ಟು ಎಂಬುದನ್ನು ನಾವು ಅನುಭವದಿಂದ ಬಲ್ಲೆವು. ಆದುದರಿಂದ ಈ ದಿನ ನಿತ್ಯ ಬಳಕೆಯ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಹಿಡಿದು ನಾಲ್ಕು ಮಾತು ಆಡುತ್ತೇವೆ. ಅದು 'ಲುಕ್ ಆಫ್ಟರ್'. ಅದನ್ನೇ ಏಕೆ ಆರಿಸಿಕೊಂಡೆವು ಎಂಬುದಕ್ಕೆ ಒಂದು ಕಥೆಯುಂಟು.

ನಾವು ಮುಂಬಯಿಗೆ ಬಂದು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಧಾರವಾಡದ ಕಡೆಯ ನಮ್ಮ ಹಳ್ಳಿಯಿಂದ ತಂಗಿಯ ಕರೆ ಬಂತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. "ಅಣ್ಣಾ, ಅವ್ವನ್ನ ನೋಡಿಕೊಳ್ಳಾಕ ನನ್ನ ಒಬ್ಬಾಕಿ ಕೈಲಿ ಆಗೂದಿಲ್ಲ, ಲಗೂನ ಬಾ" ಎಂದಳು. ಆ ಗಾಬರಿಯಲ್ಲಿಯೇ ಕುಳಿತು ರಜೆಯ ಅರ್ಜಿ ಬರೆದೆವು. ನೋಡುವುದಕ್ಕೆ ಇಂಗ್ಲಿಷಿನಲ್ಲಿ 'ಸೀ' ಎಂದು ಶಾಲೆಯಲ್ಲಿ ಕಲಿತದ್ದಿತ್ತು. 'ಐ ಹ್ಯಾವ್ ಟು ಸೀ ಮೈ ಮದರ್' ಎಂದು ಬರೆದು ಕೊಟ್ಟೆವು. ಮೇಲಧಿಕಾರಿಗಳು ಮರುಕದಿಂದಲೇ ಮೂರು ದಿನ ರಜೆ ಕೊಟ್ಟರು. ತಾಯಿಯ ಮುಖ ನೋಡಿ ಬರುವುದಕ್ಕೆ ಮೂರು ದಿನ ಸಾಲದೆ? ಅವರದು ತಪ್ಪಲ್ಲ; ನಾವು ಬರೆದದ್ದನ್ನು ಅವರು ಓದಿದರು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಹೊರಡುವಾಗ ಅವ್ವ ಮಲಗಿದಲ್ಲಿಂದಲೇ, "ಬಂದಿ, ನೋಡಿದಿ, ಹೊಂಟಿ?" ಎಂದಳು. ಆ ಮೂರು ಮಾತು ಇಂದಿಗೂ ನಮ್ಮ ಕಿವಿಯಲ್ಲಿವೆ.

ಮರಳಿ ಬಂದ ಮೇಲೆ ಪಕ್ಕದ ಮೇಜಿನ ಹಿರಿಯರೊಬ್ಬರು ಸಂಗತಿಯನ್ನು ಕೇಳಿ ತಿಳಿದು, ಹೊಸ ಅರ್ಜಿಯಲ್ಲಿ 'ಸೀ' ಎಂಬ ಪದವನ್ನು ಹೊಡೆದುಹಾಕಿ ಅದರ ಮೇಲೆ 'ಲುಕ್ ಆಫ್ಟರ್' ಎಂದು ಬರೆದರು. ಅದೇ ಅಧಿಕಾರಿಗಳು ಮೂರು ವಾರ ರಜೆ ಕೊಟ್ಟರು.

ಏನು ಈ ಎರಡು ಪದಗಳ ಗುಟ್ಟು? 'ಲುಕ್' ಎಂದರೆ ನೋಡು. 'ಆಫ್ಟರ್' ಎಂದರೆ ಆಮೇಲೆ, ಹಿಂದೆ. ಎರಡನ್ನೂ ಕೂಡಿಸಿದರೆ 'ಹಿಂದೆ ನೋಡು' ಎಂದಾಗಬೇಕಿತ್ತು. ಆಗುವುದು 'ಆರೈಕೆ ಮಾಡು, ಜೋಪಾನ ಮಾಡು' ಎಂದು. ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದಂತೆ ಕ್ರಿಯಾಪದಕ್ಕೆ ಕಟ್ಟಿದ ಕಿರುಪದ ಅದರ ದಿಕ್ಕನ್ನೇ ತಿರುಗಿಸಿಬಿಡುತ್ತದೆ. 'ಲುಕ್ ಫಾರ್' ಎಂದರೆ ಹುಡುಕು. 'ಲುಕ್ ಇನ್‌ಟು' ಎಂದರೆ ವಿಚಾರಿಸು. 'ಲುಕ್ ಡೌನ್ ಆನ್' ಎಂದರೆ ಕೀಳಾಗಿ ಕಾಣು. 'ಲುಕ್ ಫಾರ್ವರ್ಡ್ ಟು' ಎಂದರೆ ಎದುರುನೋಡು. ಇಂಥ ಮಾತುಗಳು ಪರದೇಶದವರಿಗೆ ಬಹಳ ತೊಡಕಿನವು ಎಂದು ಡಾಕ್ಟರ್ ಜಾನ್ಸನ್ 1755ರಲ್ಲಿಯೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಇವಕ್ಕೆ 'ಫ್ರೇಸಲ್ ವರ್ಬ್' ಎಂಬ ಹೆಸರು ಹರಡಿದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಇಂಗ್ಲಿಷರ ಪಂಡಿತರೇ ತೊಡಕೆಂದದ್ದರಲ್ಲಿ ನಾವು ಎಡವಿದರೆ ನಾಚಬೇಕಾಗಿಲ್ಲ.

ಇನ್ನು ಬಳಸುವ ಕ್ರಮ. ಈ ಎರಡು ಪದಗಳು ಗಂಡಹೆಂಡಿರಂತೆ. ನಡುವೆ ಯಾರೂ ಬರಬಾರದು. 'ಲುಕ್ ಆಫ್ಟರ್ ಹರ್' ಸರಿ, 'ಲುಕ್ ಹರ್ ಆಫ್ಟರ್' ತಪ್ಪು. ಕಾಲ ಬದಲಾದರೆ ಬದಲಾಗುವುದು ಮೊದಲ ಪದ ಮಾತ್ರ: ನಿನ್ನೆಯದಕ್ಕೆ 'ಲುಕ್ಡ್ ಆಫ್ಟರ್', ಈಗ ನಡೆದಿರುವುದಕ್ಕೆ 'ಲುಕಿಂಗ್ ಆಫ್ಟರ್'. ಮನುಷ್ಯರಿಗಷ್ಟೇ ಅಲ್ಲ, ವಸ್ತುವಿಗೂ ಕೆಲಸಕ್ಕೂ ಇದು ಸಲ್ಲುತ್ತದೆ. ಕಚೇರಿಯಲ್ಲಿ ಲೆಕ್ಕಪತ್ರ ಯಾರ ಹೊಣೆ ಎಂದು ಕೇಳಬೇಕೆ? 'ಹೂ ಲುಕ್ಸ್ ಆಫ್ಟರ್ ದಿ ಅಕೌಂಟ್ಸ್?' ಎನ್ನಿರಿ. ದಾದರ್ ನಿಲ್ದಾಣದಲ್ಲಿ ನೀರು ತರಲು ಇಳಿಯುವಾಗ ಪಕ್ಕದವರಿಗೆ 'ಪ್ಲೀಸ್ ಲುಕ್ ಆಫ್ಟರ್ ಮೈ ಬ್ಯಾಗ್' ಎನ್ನಿರಿ. 'ಸೀ ಮೈ ಬ್ಯಾಗ್' ಎಂದರೆ ಆತ ನೋಡಿ, ಚೀಲ ಚೆನ್ನಾಗಿದೆ ಎಂದು ಹೇಳಿ ಸುಮ್ಮನಾದಾನು!

ಈಗ ಕನ್ನಡಕ್ಕೆ ಬರೋಣ. ಡಾಕ್ಟರು ಬಂದು ರೋಗಿಯನ್ನು ನೋಡಿದರು. ದಾದಿ ರಾತ್ರಿಯೆಲ್ಲ ನೋಡಿಕೊಂಡಳು. ಡಾಕ್ಟರದು ಐದು ನಿಮಿಷ, ದಾದಿಯದು ಇಡೀ ರಾತ್ರಿ. ಇಂಗ್ಲಿಷಿನಲ್ಲಿಯೂ ಡಾಕ್ಟರಿಗೆ 'ಸೀ', ದಾದಿಗೆ 'ಲುಕ್ ಆಫ್ಟರ್'. ಅವರ ಭಾಷೆ ಬಾಲಂಗೋಚಿಗೆ ಕಿರುಪದವನ್ನು ಕಟ್ಟುತ್ತದೆ, ನಮ್ಮದು ಇನ್ನೊಂದು ಕ್ರಿಯಾಪದವನ್ನೇ ಕಟ್ಟುತ್ತದೆ: ನೋಡಿಕೊಳ್ಳು, ನೋಡಿಬಿಡು, ನೋಡಿಹೋಗು. 'ಕೊಳ್ಳು' ಎಂದರೆ ತೆಗೆದುಕೊಳ್ಳುವುದು. ನೋಡಿ, ಆ ನೋಡಿದ್ದರ ಹೊಣೆಯನ್ನು ತನ್ನ ತಲೆಯ ಮೇಲೆ ತೆಗೆದುಕೊಳ್ಳುವುದೇ ನೋಡಿಕೊಳ್ಳುವುದು ಎಂದು ನಾವು ಅರ್ಥಮಾಡುತ್ತೇವೆ.

ಒಂದೆಡೆ ಮಾತ್ರ ಎಚ್ಚರವಿರಲಿ. ಜಗಳದಲ್ಲಿ "ನಿನ್ನನ್ನು ನೋಡಿಕೊಳ್ಳುತ್ತೇನೆ" ಎಂದರೆ ಅದು ಬೆದರಿಕೆ. ಅದನ್ನೇ 'ಐ ವಿಲ್ ಲುಕ್ ಆಫ್ಟರ್ ಯು' ಎಂದು ಇಂಗ್ಲಿಷಿಗೆ ಇಳಿಸಿದರೆ ಎದುರಾಳಿ ಸಂತೋಷದಿಂದ ಊಟಕ್ಕೇ ಬಂದಾನು.

ಹೀಗಿರಲು, ಅಂದು ಅರ್ಜಿ ಬರೆಯುವಾಗ ನಾವು ಎಡವಿದ್ದು ಇಂಗ್ಲಿಷಿನಲ್ಲಿ ಮಾತ್ರವಲ್ಲ. ತಂಗಿ 'ನೋಡಾಕ ಬಾ' ಎನ್ನಲಿಲ್ಲ, 'ನೋಡಿಕೊಳ್ಳಾಕ' ಎಂದಿದ್ದಳು. ಆ 'ಕೊಳ್ಳು' ನಮ್ಮ ಕಿವಿಗೇ ಬೀಳಲಿಲ್ಲ. ನಮ್ಮ ಮಾತಿನ ತೂಕವನ್ನು ನಾವೇ ತಿಳಿಯದಿದ್ದಾಗ ಅದನ್ನು ಪರಭಾಷೆಗೆ ಸಾಗಿಸುವುದು ಹೇಗೆ? ಮಗುವಿಗೆ ಇಂಗ್ಲಿಷು ಚೆನ್ನಾಗಿ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿದ ತಂದೆತಾಯಿಗಳು ನಮ್ಮ ನಡುವೆ ಇದ್ದಾರೆ. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ಭೇದವನ್ನು ಅಜ್ಜಿಯ ಬಾಯಿಂದ ಕಲಿತ ಮಗುವಿಗೆ 'ಸೀ'ಗೂ 'ಲುಕ್ ಆಫ್ಟರ್'ಗೂ ಇರುವ ಭೇದವನ್ನು ತಿಳಿಸಲು ಒಂದು ನಿಮಿಷ ಸಾಕು. ಒಂದು ಭಾಷೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ, ಕೈಹಿಡಿದು ನಡೆಸುತ್ತದೆ.

ಅವ್ವ ಈಗಿಲ್ಲ. ಆದರೆ ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಈ ಸಭೆಗೆ ಬಂದು, ದೀಪ ಹಚ್ಚಿ, ಹಾಡು ಕೇಳಿ, ಊಟಮಾಡಿ ಮನೆಗೆ ಹೊರಡುವಾಗ ಅವಳ ಮಾತು ನೆನಪಾಗುತ್ತದೆ. ವರ್ಷಕ್ಕೊಮ್ಮೆ ಬಂದು ಹೋಗುವುದು ಕನ್ನಡವನ್ನು ನೋಡಿದಂತಾಯಿತೇ ಹೊರತು ನೋಡಿಕೊಂಡಂತಾಗಲಿಲ್ಲ. ವಾರಕ್ಕೊಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಊರಿನ ಅಜ್ಜಿಗೆ ಕರೆಮಾಡಿ, ಕನ್ನಡದಲ್ಲಿಯೇ ಕಷ್ಟಸುಖ ವಿಚಾರಿಸುವಂತೆ ಮಾಡಿರಿ. ಅಜ್ಜಿಯನ್ನೂ ಭಾಷೆಯನ್ನೂ ಒಟ್ಟಿಗೇ ನೋಡಿಕೊಂಡಂತಾಗುತ್ತದೆ. "ಬಂದಿ, ನೋಡಿದಿ, ಹೊಂಟಿ?" ಎಂಬ ಮಾತನ್ನು ಇನ್ನೊಮ್ಮೆ ಕೇಳುವ ಸ್ಥಿತಿ ನಮಗಾರಿಗೂ ಬಾರದಿರಲಿ.