ಎರಡನೆಯ ನೋಟ: ಮಕ್ಕಳ ಚಿತ್ರದ ಕತ್ತಲೆಯೂ ಮನೆಯ ಪರದೆಯೂ



ಮಕ್ಕಳಿಗಾಗಿ ಶುರುವಾದ ಮಾಯಾಲೋಕದ ಚಿತ್ರಸರಣಿಯೊಂದು ಭಾಗದಿಂದ ಭಾಗಕ್ಕೆ ಕಪ್ಪಾಗುತ್ತ ಹೋದಾಗ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಮಕ್ಕಳಿಗೆ ತಕ್ಕದ್ದಲ್ಲ ಎಂದು ಕೆಲವರು ಗೊಣಗುತ್ತಾರೆ. ಈಗಲಾದರೂ ಚಿತ್ರ ಪ್ರೌಢವಾಯಿತಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಈ ಎರಡೂ ಚಿತ್ರಮಂದಿರದಲ್ಲಿ ಒಮ್ಮೆ ನೋಡಿ ಎದ್ದುಬಂದವರ ಮಾತುಗಳು. ಮಕ್ಕಳು ಹಾಗೆ ನೋಡುವುದಿಲ್ಲ. ವಿಡಿಯೊ ಕ್ಯಾಸೆಟ್ಟು ಮನೆಗೆ ಬಂದಂದಿನಿಂದ, ಆಮೇಲೆ ಡಿವಿಡಿ ಬಂದಾಗ, ಈಗ ಓಟಿಟಿ ಬಂದಮೇಲೂ, ಮಗು ಇಷ್ಟವಾದ ಚಿತ್ರವನ್ನು ಹತ್ತಾರು ಸಲ ಹಾಕಿಸಿಕೊಂಡು ನೋಡುತ್ತದೆ. ಹಾಗಿರುವಾಗ ಕತ್ತಲೆಯ ಚಿತ್ರವನ್ನು ಮೊದಲ ಸಲ ಅದು ಎಷ್ಟು ಹೆದರಿಸಿತು ಎಂಬ ಲೆಕ್ಕದಿಂದ ಮಾತ್ರ ತೂಗುವುದು ಸರಿಯೆ? ಎರಡನೆಯ ನೋಟದಲ್ಲಿ ಆ ಭಯ ಏನಾಗುತ್ತದೆ ಎಂದೂ ಕೇಳಬೇಕು ಎಂಬುದು ನನ್ನ ವಾದ. ಇದಕ್ಕೆ ಮುಖ್ಯ ಸಾಕ್ಷಿಯಾಗಿ ಆಲ್ಫಾನ್ಸೊ ಕ್ವಾರೋನ್ ನಿರ್ದೇಶಿಸಿದ, 2004ರಲ್ಲಿ ಬಿಡುಗಡೆಯಾದ 'ಹ್ಯಾರಿ ಪಾಟರ್ ಅಂಡ್ ದ ಪ್ರಿಸನರ್ ಆಫ್ ಅಜ್ಕಬಾನ್' ಚಿತ್ರವನ್ನು ತೆಗೆದುಕೊಂಡಿದ್ದೇನೆ.

1

ಸರಣಿಯ ಮೂರನೆಯದಾದ ಈ ಚಿತ್ರ ಮೊದಲೆರಡಕ್ಕಿಂತ ಕಪ್ಪು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಕಪ್ಪು ಎಲ್ಲಿದೆ ಎಂದು ಹುಡುಕಹೊರಟರೆ ಅಚ್ಚರಿ ಕಾದಿದೆ. ಕ್ರಿಸ್ ಕೊಲಂಬಸ್ ನಿರ್ದೇಶಿಸಿದ 2002ರ ಎರಡನೆಯ ಚಿತ್ರದಲ್ಲಿ ಗೋಡೆಯ ಮೇಲೆ ರಕ್ತದ ಬರಹವಿದೆ, ಕಲ್ಲಾಗಿ ಬಿದ್ದ ಮಕ್ಕಳಿದ್ದಾರೆ, ಆನೆಗಾತ್ರದ ಜೇಡಗಳಿವೆ, ಕೊನೆಗೆ ಹುಡುಗನ ತೋಳಿಗೆ ಹಲ್ಲು ನೆಡುವ ಮಹಾಸರ್ಪವೇ ಇದೆ. ಮೂರನೆಯದರಲ್ಲಿ ಯಾರೂ ಸಾಯುವುದಿಲ್ಲ. ಸರಣಿಯ ಮುಖ್ಯ ಖಳ ವೋಲ್ಡೆಮಾರ್ಟ್ ತೆರೆಯ ಮೇಲೆ ಕಾಣಿಸಿಕೊಳ್ಳುವುದೂ ಇಲ್ಲ. ಬ್ರಿಟನ್ನಿನ ಸೆನ್ಸಾರ್ ಸಂಸ್ಥೆ ಮೊದಲ ಮೂರೂ ಚಿತ್ರಗಳಿಗೆ ಒಂದೇ 'ಪಿಜಿ' ಪ್ರಮಾಣಪತ್ರ ಕೊಟ್ಟಿತು. ಅಮೆರಿಕದಲ್ಲೂ ಹಾಗೇ ಆಯಿತು. ಹೆದರಿಸುವ ವಸ್ತುಗಳನ್ನು ಎಣಿಸುವ ತಕ್ಕಡಿಗೆ ಈ ಚಿತ್ರದ ಕತ್ತಲೆ ಸಿಗಲೇ ಇಲ್ಲ ಎಂದಾಯಿತು.

ಕತ್ತಲೆ ಇರುವುದು ಭಯದ ಜಾತಿಯಲ್ಲಿ. ಸರ್ಪವನ್ನು ಕತ್ತಿಯಿಂದ ಕೊಲ್ಲಬಹುದು. ಅಜ್ಕಬಾನ್ ಸೆರೆಮನೆಯ ಕಾವಲುಗಾರರಾದ ಡಿಮೆಂಟರ್‌ಗಳನ್ನು ಕೊಲ್ಲಲಾಗುವುದಿಲ್ಲ. ಅವು ಬಂದರೆ ಮನಸ್ಸಿನ ಸಂತೋಷವೆಲ್ಲ ಬತ್ತಿಹೋಗಿ ಬದುಕಿನ ಅತಿ ಕೆಟ್ಟ ನೆನಪು ಮಾತ್ರ ಉಳಿಯುತ್ತದೆ. ಹ್ಯಾರಿಗೆ ಕೇಳಿಸುವುದು ತನ್ನ ತಾಯಿಯ ಕೊನೆಯ ಚೀತ್ಕಾರ. ತಾವು ಅನುಭವಿಸಿದ ಖಿನ್ನತೆಯಿಂದಲೇ ಈ ಕಲ್ಪನೆ ಮೂಡಿತೆಂದು ಲೇಖಕಿ ಜೆ.ಕೆ. ರೌಲಿಂಗ್ ಹೇಳಿದ್ದಾರೆ. ಕ್ವಾರೋನ್ ಇದನ್ನು ಅಬ್ಬರದಿಂದ ತೋರಿಸುವುದಿಲ್ಲ. ರೈಲು ನಿಲ್ಲುತ್ತದೆ, ಕಿಟಕಿಯ ಗಾಜಿನ ಮೇಲೆ ಹಿಮ ಹರಡುತ್ತದೆ, ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ. ಆಮೇಲಷ್ಟೇ ಬಾಗಿಲ ಬಳಿ ಕೈಯೊಂದು ಕಾಣುತ್ತದೆ. ಮೈಕೆಲ್ ಸೆರೆಸಿನ್ ಅವರ ಛಾಯಾಗ್ರಹಣದಲ್ಲಿ ಬೂದು ಬೆಳಕು, ದೀರ್ಘ ಶಾಟ್‌ಗಳು, ಸ್ಕಾಟ್ಲೆಂಡಿನ ಬೆಟ್ಟದ ಇಳಿಜಾರುಗಳು ಕೂಡಿ ಶಾಲೆಯನ್ನು ಋತುಮಾನಕ್ಕೆ ಸಿಕ್ಕ ನಿಜವಾದ ಜಾಗವನ್ನಾಗಿ ಮಾಡುತ್ತವೆ. ಹದಿಮೂರಕ್ಕೆ ಕಾಲಿಟ್ಟ ಮಕ್ಕಳು ಸಮವಸ್ತ್ರ ಬಿಟ್ಟು ಸಾಮಾನ್ಯ ಬಟ್ಟೆಯಲ್ಲಿ ಓಡಾಡುತ್ತಾರೆ. ಹೊರಗಿನ ಶತ್ರುವಿನ ಭಯ ಒಳಗಿನ ದುಃಖದ ಭಯಕ್ಕೆ ದಾರಿ ಬಿಟ್ಟುಕೊಟ್ಟಿದೆ. ಚಿತ್ರದ ಕತ್ತಲೆ ಎಂದರೆ ಇದು.

2

ದುಃಖದ ಭಯವನ್ನು ಒಂದೇ ಏಟಿಗೆ ಗೆಲ್ಲಲಾಗದು ಎಂದು ಈ ಚಿತ್ರಕ್ಕೆ ಗೊತ್ತಿದೆ. ಆದ್ದರಿಂದ ಅದು ಗೆಲುವನ್ನು ಎರಡು ಮೆಟ್ಟಿಲಲ್ಲಿ ಕಲಿಸುತ್ತದೆ. ಮೊದಲನೆಯದು ಲ್ಯೂಪಿನ್ ಮೇಷ್ಟರ ತರಗತಿ. ಬೀರುವಿನೊಳಗಿನ ಬಾಗರ್ಟ್ ಎಂಬ ಜೀವಿ ಎದುರಿಗೆ ನಿಂತವರ ಭಯದ ರೂಪ ತಾಳುತ್ತದೆ. ನೆವಿಲ್ ಎಂಬ ಪುಕ್ಕಲ ಹುಡುಗನಿಗೆ ಅದು ಸ್ನೇಪ್ ಮೇಷ್ಟರಾಗಿ ಎದುರಾಗುತ್ತದೆ. ಅವನು ಅವರಿಗೆ ತನ್ನಜ್ಜಿಯ ಉಡುಪು ತೊಡಿಸುತ್ತಾನೆ, ತರಗತಿಯೇ ನಗುತ್ತದೆ. ಭಯದ ಎದುರು ನಿಂತು ಅದರ ವೇಷ ಬದಲಿಸು ಎಂಬುದು ಇಲ್ಲಿಯ ಪಾಠ.

ಎರಡನೆಯ ಮೆಟ್ಟಿಲು ಚಿತ್ರದ ಕೊನೆಯ ಭಾಗ. ಒಂದು ಸಂಜೆ ನಡೆಯಬಾರದ್ದೆಲ್ಲ ನಡೆದುಹೋಗುತ್ತದೆ: ಬಕ್‌ಬೀಕ್ ಎಂಬ ರೆಕ್ಕೆಯ ಪ್ರಾಣಿಯ ಮೇಲೆ ಕೊಡಲಿ ಬೀಳುವ ಸದ್ದು ಕೇಳುತ್ತದೆ, ಮೆಚ್ಚಿನ ಮೇಷ್ಟರು ತೋಳಮಾನವರಾಗುತ್ತಾರೆ, ಕೆರೆಯ ದಂಡೆಯಲ್ಲಿ ಡಿಮೆಂಟರ್‌ಗಳು ಹ್ಯಾರಿಯನ್ನೂ ಅಜ್ಕಬಾನಿನಿಂದ ತಪ್ಪಿಸಿಕೊಂಡು ಬಂದ ಸಿರಿಯಸ್ ಬ್ಲ್ಯಾಕ್‌ನನ್ನೂ ಮುತ್ತುತ್ತವೆ. ಆಗ ಗೆಳತಿ ಹರ್ಮೈನಿಯ ಕೊರಳಲ್ಲಿದ್ದ ಕಾಲ ತಿರುಗಿಸುವ ಸಾಧನ ಅವಳನ್ನೂ ಹ್ಯಾರಿಯನ್ನೂ ಕೆಲವು ಗಂಟೆ ಹಿಂದಕ್ಕೆ ಒಯ್ಯುತ್ತದೆ. ಮಕ್ಕಳು ಮರದ ಮರೆಯಲ್ಲಿ ನಿಂತು ತಮ್ಮದೇ ಸಂಜೆಯನ್ನು ಮತ್ತೊಮ್ಮೆ ನೋಡುತ್ತಾರೆ. ಮೊದಲ ಸಲ ಗುಡಿಸಲಿನೊಳಗೆ ಎಲ್ಲಿಂದಲೋ ಬಂದು ಜಾಡಿ ಒಡೆದ ವಸ್ತುವನ್ನು ಎಸೆದವಳು ಹರ್ಮೈನಿಯೇ ಎಂದು ಈಗ ತಿಳಿಯುತ್ತದೆ. ತೋಳವನ್ನು ಬೇರೆಡೆಗೆ ಸೆಳೆದ ಊಳು ಅವಳದೇ. ಕೊಡಲಿ ಬಿದ್ದದ್ದು ಕುಂಬಳಕಾಯಿಯ ಮೇಲೆ. ಕೆರೆಯಾಚೆಯಿಂದ ಬೆಳಕಿನ ಮಂತ್ರ ಹಾಕಿ ಕಾಪಾಡಿದವರು ತನ್ನ ಸತ್ತ ತಂದೆ ಎಂದು ನಂಬಿದ್ದ ಹ್ಯಾರಿ ಅವರಿಗಾಗಿ ಕಾಯುತ್ತಾನೆ, ಯಾರೂ ಬರುವುದಿಲ್ಲ, ಕಾಪಾಡಿದವನು ತಾನೇ ಎಂದು ಹೊಳೆದಾಗ ಮಂತ್ರ ಹೇಳುತ್ತಾನೆ.

ಇಲ್ಲಿ ನಡೆದ ಘಟನೆಯೊಂದೂ ಬದಲಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲ ನೋಟದಲ್ಲಿ ಕೇಳಿದ ಸದ್ದು, ಬಿದ್ದ ಕೊಡಲಿ, ಹೊಳೆದ ಬೆಳಕು ಎಲ್ಲವೂ ಹಾಗೆಯೇ ಇವೆ. ಬದಲಾದದ್ದು ನೋಡುವವರು ನಿಂತ ಜಾಗ. ಭಯ ತಿಳಿವಳಿಕೆಯಾಗಿದೆ, ತಿಳಿವಳಿಕೆಯಿಂದ ಕೆಲಸ ಹುಟ್ಟಿದೆ. ಅಂದರೆ ಈ ಚಿತ್ರ ತನ್ನ ಮರುವೀಕ್ಷಣೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಮನೆಯಲ್ಲಿ ಅದೇ ಡಿವಿಡಿಯನ್ನು ಮತ್ತೆ ಹಾಕುವ ಮಗು ಹ್ಯಾರಿ, ಹರ್ಮೈನಿ ಮಾಡಿದ್ದನ್ನೇ ಮಾಡುತ್ತದೆ: ಆದದ್ದನ್ನು ಬದಲಿಸದೆ, ಈ ಸಲ ತಿಳಿದುಕೊಂಡು ನೋಡುತ್ತದೆ.

3

2004ರ ನವೆಂಬರ್‌ನಲ್ಲಿ ಚಿತ್ರ ಡಿವಿಡಿಯಾಗಿ ಬಂತು. ಚಿತ್ರಮಂದಿರದ ಮೊದಲ ಓಟದಲ್ಲಿ ಸರಣಿಯ ಮೊದಲ ಚಿತ್ರ ಜಗತ್ತಿನಾದ್ಯಂತ 97 ಕೋಟಿ ಡಾಲರ್‌ಗೂ ಹೆಚ್ಚು, ಎರಡನೆಯದು ಸುಮಾರು 88 ಕೋಟಿ ಗಳಿಸಿದ್ದರೆ, ಇದರ ಗಳಿಕೆ ಸುಮಾರು 80 ಕೋಟಿ. ಎಂಟು ಚಿತ್ರಗಳಲ್ಲಿ ಇದೇ ಕನಿಷ್ಠ. ಹೀಗಿದ್ದೂ ಸರಣಿಯ ಅತ್ಯುತ್ತಮ ಚಿತ್ರ ಯಾವುದೆಂಬ ಚರ್ಚೆ ಎದ್ದಾಗಲೆಲ್ಲ ವಿಮರ್ಶಕರು ಮೊದಲು ಎತ್ತುವ ಹೆಸರುಗಳಲ್ಲಿ ಇದೂ ಒಂದು. ಟಿಕೆಟ್ಟಿನ ಲೆಕ್ಕ ದಾಖಲಿಸುವುದು ಬಹುಮಟ್ಟಿಗೆ ಮೊದಲ ನೋಟವನ್ನು. ಚಿತ್ರದ ಹೆಸರನ್ನು ಉಳಿಸುವುದು ಮತ್ತೆ ಮತ್ತೆ ನೋಡಿದವರು.

ಮರುವೀಕ್ಷಣೆಗೆ ಇಲ್ಲಿ ಕೂಲಿಯೂ ಸಿಗುತ್ತದೆ. ಲೀಕಿ ಕಾಲ್ಡ್ರನ್ ಎಂಬ ಪಾನಗೃಹದಲ್ಲಿ ಮಂತ್ರವಾದಿಯೊಬ್ಬ ಓದುತ್ತಿರುವುದು ಸ್ಟೀಫನ್ ಹಾಕಿಂಗ್ ಬರೆದ ಕಾಲದ ಚರಿತ್ರೆಯ ಪುಸ್ತಕ. ಕತೆ ಕಾಲದ ಸುತ್ತ ತಿರುಗಲಿದೆ ಎಂಬ ಈ ಸುಳಿವು ಮೊದಲ ಸಲ ಯಾರಿಗೂ ಹೊಳೆಯುವುದಿಲ್ಲ. ಶಾಲೆಯ ದೊಡ್ಡ ಗಡಿಯಾರ, ತೂಗುವ ಲೋಲಕ, ಋತುವಿಗೊಂದು ರೂಪ ತಾಳುವ ಮರ, ಎಲ್ಲವೂ ಎರಡನೆಯ ಸಲವೇ ಮಾತಾಡುವುದು. ಕೊನೆಯ ಹೆಸರುಗಳು ಹಾಯುವ ಹೊತ್ತಿನ ನಕ್ಷೆಯಲ್ಲಿ ರೌಲಿಂಗ್ ಲೋಕದ ಇನ್ನೊಂದು ಪಾತ್ರವಾದ ನ್ಯೂಟ್ ಸ್ಕಮಂಡರ್‌ನ ಹೆಸರು ಇರುವುದನ್ನು ಪಾಸ್ ಗುಂಡಿ ಒತ್ತಿದವರಷ್ಟೇ ಕಂಡಾರು. ಡಿವಿಡಿಯ ಎರಡನೆಯ ತಟ್ಟೆಯಲ್ಲಿ ಚಿತ್ರ ತಯಾರಾದ ಬಗೆಯಿದೆ. ಇನ್ನೊಂದೆಡೆ, ಕತೆಯಲ್ಲಿ ಬಸ್ಸಿನ ಮುಂದೆ ತೂಗುವ ಒಣಗಿದ ತಲೆಯೇ ನಟರ ಸಂದರ್ಶನದಲ್ಲಿ ಪಾಲುಗೊಳ್ಳುತ್ತದೆ. ನೆವಿಲ್ ಅಜ್ಜಿಯ ಉಡುಪಿನಿಂದ ಮಾಡಿದ ಕೆಲಸವನ್ನೇ ಈ ಪೂರಕ ಭಾಗವೂ ಮಾಡುತ್ತದೆ.

ಮಕ್ಕಳ ಮರುವೀಕ್ಷಣೆ ಬರೀ ಹಟವಲ್ಲ ಎನ್ನಲು ಸಂಶೋಧನೆಯ ಆಧಾರವೂ ಇದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲೀಶಾ ಕ್ರಾಲಿ, ಡೇನಿಯಲ್ ಆಂಡರ್ಸನ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳಿಗೆ 'ಬ್ಲೂಸ್ ಕ್ಲೂಸ್' ಎಂಬ ಟಿವಿ ಕಾರ್ಯಕ್ರಮದ ಒಂದೇ ಕಂತನ್ನು ಒಂದು ಸಲ ಅಥವಾ ಐದು ಸಲ ತೋರಿಸಿದರು. ಮತ್ತೆ ಮತ್ತೆ ನೋಡಿದ ಮಕ್ಕಳ ಗ್ರಹಿಕೆ ಹೆಚ್ಚಿತು. ಅವರು ಪರದೆಗೆ ಉತ್ತರ ಕೊಡುವುದೂ ಹೆಚ್ಚಿತು. ಅದು ಭಯದ ಅಧ್ಯಯನವಲ್ಲ ನಿಜ. ಆದರೆ ಅದೇ ಕತೆಯನ್ನು ಮತ್ತೆ ಕೇಳುವ ಮಗು ಅಲ್ಲೇ ನಿಂತಿಲ್ಲ, ಮುಂದಕ್ಕೆ ಸಾಗುತ್ತಿದೆ ಎಂಬಷ್ಟನ್ನು ಅದು ತೋರಿಸಿಕೊಡುತ್ತದೆ.

4

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದೇ ಅತಿ ಗಂಭೀರ. ಸರಣಿಯ ಎಂಟು ಚಿತ್ರಗಳು 2001ರಿಂದ 2011ರವರೆಗೆ ಹರಡಿಕೊಂಡು ಬಂದವು. ಮೊದಲನೆಯದನ್ನು ಹತ್ತರ ವಯಸ್ಸಿನಲ್ಲಿ ನೋಡಿದವರು ಕೊನೆಯದಕ್ಕೆ ಇಪ್ಪತ್ತಾಗಿದ್ದರು. ಕತ್ತಲೆ ಮಗುವಿನೊಡನೆ ಬೆಳೆಯಿತು. ಮನೆಯಲ್ಲಾದರೋ ಎಂಟೂ ಚಿತ್ರ ಒಂದೇ ಪೆಟ್ಟಿಗೆಯಲ್ಲಿವೆ. ಆರು ವರ್ಷದ ಮಗು ಒಂದು ವಾರಾಂತ್ಯದಲ್ಲಿ ಮೂರನೆಯದಕ್ಕೆ ಬಂದು ನಿಲ್ಲಬಹುದು. ಮಕ್ಕಳ ಭಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಜೋಆನ್ ಕ್ಯಾಂಟರ್ ಪ್ರಕಾರ ಶಾಲೆಗೆ ಮುಂಚಿನ ವಯಸ್ಸಿನವರು ಕಣ್ಣಿಗೆ ವಿಕಾರವಾಗಿ ಕಂಡದ್ದಕ್ಕೆ ಹೆದರುತ್ತಾರೆ, ಅದು ನಿಜವಲ್ಲ ಎಂಬ ವಿವರಣೆ ಅವರಿಗೆ ನೆರವಾಗುವುದು ಕಡಿಮೆ. ದೊಡ್ಡ ಮಕ್ಕಳು ನಿಜ ಬದುಕಿನಲ್ಲಿ ಆಗಬಹುದಾದದ್ದಕ್ಕೆ, ಕಣ್ಣಿಗೆ ಕಾಣದ ಅಪಾಯಕ್ಕೆ ಹೆದರುತ್ತಾರೆ, ಅವರಿಗೆ ಮಾತು ಆಸರೆಯಾಗುತ್ತದೆ. ಈ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. ಮನೆಯ ಪರದೆ ಭಾಗ ಭಾಗಗಳ ನಡುವಿನ ವರ್ಷಗಳನ್ನು ಕಿತ್ತುಕೊಂಡಿದೆ. ಬದಲಿಗೆ ನಿಲ್ಲಿಸುವ, ಹಿಂದಕ್ಕೆ ಹೋಗುವ, ನಾಳೆಗೆ ಮುಂದೂಡುವ ಅಧಿಕಾರ ಕೊಟ್ಟಿದೆ. ಕಿತ್ತುಕೊಂಡದ್ದನ್ನು ತುಂಬಿಕೊಡುವ ಹೊಣೆ ರಿಮೋಟು ಹಿಡಿದ ಹಿರಿಯರದು. ಮಗು ಪರದೆಗೆ ಬೆನ್ನು ಮಾಡಿ ಎದ್ದುಹೋದರೆ ಅದಕ್ಕಿನ್ನೂ ಆ ಚಿತ್ರದ ಕಾಲ ಬಂದಿಲ್ಲ. ಅದೇ ಮಗು ಹೆದರಿ ಎದ್ದುಹೋಗಿ, ಆಮೇಲೆ ತಾನಾಗಿಯೇ ಆ ರೈಲಿನ ದೃಶ್ಯವನ್ನು ಮತ್ತೆ ಹಾಕು ಎಂದರೆ, ಬೇಡವೆನ್ನುವ ಮುನ್ನ ಯೋಚಿಸಬೇಕು.

ನಮ್ಮ ಕನ್ನಡದ ಮನೆಗಳಲ್ಲಿ ಹಿರಿಯರ ಪಾತ್ರ ಇನ್ನೂ ದೊಡ್ಡದಾಗಿತ್ತು ಎಂಬುದನ್ನು ಇಲ್ಲೇ ಸೇರಿಸಬೇಕು. ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ಚಿತ್ರರಂಗದ ಸಂಸ್ಥೆಗಳು ದಶಕಗಳ ಕಾಲ ತಡೆದಿದ್ದವು. ಅದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. 2004ರ ಕನ್ನಡದ ಮಗುವಿಗೆ ಡಿಮೆಂಟರ್‌ನ ಭಯ ಚಿತ್ರವಾಗಿ ಕೂಡಲೇ ತಲುಪಿತು, ಲ್ಯೂಪಿನ್ ಹೇಳಿದ ಪರಿಹಾರ ಇಂಗ್ಲಿಷಿನಲ್ಲೇ ಉಳಿಯಿತು. ಭಯಕ್ಕೆ ಭಾಷೆ ಬೇಡ, ಧೈರ್ಯಕ್ಕೆ ಬೇಕು. ಪಕ್ಕದಲ್ಲಿ ಕೂತು ಕತೆ ಬಿಡಿಸಿ ಹೇಳುವವರಿಲ್ಲದಿದ್ದರೆ ಎರಡನೆಯ ನೋಟ ಅಲ್ಲಿ ಮೊದಲನೆಯದರ ನಕಲಾಗಿಯೇ ಉಳಿಯುವ ಅಪಾಯವಿತ್ತು.

ಎರಡನೆಯ ಆಕ್ಷೇಪ ರಸಿಕರದು. ದೊಡ್ಡ ಪರದೆಗೆಂದು ಹೆಣೆದ ಕತ್ತಲೆ ಹಜಾರದ ಟ್ಯೂಬ್‌ಲೈಟಿನಡಿ ಸತ್ತುಹೋಗುತ್ತದೆ, ಗುಂಡಿ ಒತ್ತಿದರೆ ನಿಲ್ಲುವ ಭಯ ಭಯವೇ ಅಲ್ಲ ಎಂದು ಅವರು ಹೇಳುತ್ತಾರೆ. ಚಿತ್ರದ ಸೌಂದರ್ಯ ಕುಗ್ಗುವುದು ನಿಜ. ಆದರೆ ದುಃಖದ ಭಯ ಪರದೆಯ ಅಳತೆಯನ್ನು ನೆಚ್ಚಿಕೊಂಡಿಲ್ಲ. ತಾಯಿಯ ಚೀತ್ಕಾರ ಹಜಾರದಲ್ಲೂ ಕೇಳುತ್ತದೆ. ನಿಲ್ಲಿಸಿದ ಮೇಲೂ ಮನಸ್ಸಿನಲ್ಲಿ ಉಳಿಯುತ್ತದೆ. ಹಾಗೆ ಉಳಿಯುವುದರಿಂದಲೇ ಮಗು ಮರಳಿ ಬರುತ್ತದೆ.

ಮೂರನೆಯವರು ಇದೆಲ್ಲ ವ್ಯಾಪಾರ ಎನ್ನುತ್ತಾರೆ: ಬೆಳೆದ ಗಿರಾಕಿಯನ್ನು ಉಳಿಸಿಕೊಳ್ಳಲು ಬಣ್ಣ ಕಪ್ಪಾಗಿಸುತ್ತಾರೆ, ಆಮೇಲೆ ಅದನ್ನೇ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಉದ್ದೇಶ ವ್ಯಾಪಾರವೇ ಇರಬಹುದು. ಆದರೆ ಉದ್ದೇಶ ನೋಡಿ ಎಲ್ಲ ಕಪ್ಪನ್ನೂ ಒಂದೇ ರಾಶಿಗೆ ಹಾಕಿದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಕೆಲಸ ಹಾಗೆಯೇ ಉಳಿದುಬಿಡುತ್ತದೆ. ಅದಕ್ಕೆ ಒರೆಗಲ್ಲು ಬೇಕು.

5

ಎರಡನೆಯ ನೋಟವೇ ಆ ಒರೆಗಲ್ಲು. ಇನ್ನೆರಡು ಚಿತ್ರಗಳನ್ನು ಅದಕ್ಕೆ ಉಜ್ಜಿ ನೋಡೋಣ. 1985ರಲ್ಲಿ ಡಿಸ್ನಿ ಸಂಸ್ಥೆ ವಾಲ್ಟರ್ ಮರ್ಚ್ ನಿರ್ದೇಶನದ 'ರಿಟರ್ನ್ ಟು ಆಜ್' ತಂದಿತು. ಅದೇ ಆಜ್ ಲೋಕದ, ಹಾಡು ಕುಣಿತದ 1939ರ ಚಿತ್ರದ ನೆನಪಿನಲ್ಲಿ ಬಂದವರಿಗೆ ಸಿಕ್ಕಿದ್ದು, ಮಾಯಾಲೋಕದ ಮಾತಾಡುತ್ತಾಳೆಂದು ವಿದ್ಯುತ್ ಚಿಕಿತ್ಸೆಗೆ ಕರೆದೊಯ್ಯಲಾದ ಡೊರೊಥಿ ಎಂಬ ಹುಡುಗಿ. ಚಿತ್ರ ನೆಲ ಕಚ್ಚಿತು. ಮುಂದೆ ಮನೆಯ ವಿಡಿಯೊದಲ್ಲೇ ಅದು ತನ್ನ ಅಭಿಮಾನಿಗಳನ್ನು ಕಂಡುಕೊಂಡಿತು. ಏಕೆ? ಆಸ್ಪತ್ರೆಯ ದಾದಿಯಾದ ಜೀನ್ ಮಾರ್ಶ್ ಅವರೇ ಆಜ್‌ನಲ್ಲಿ ತಲೆ ಬದಲಿಸುವ ಮೊಂಬಿ. ವೈದ್ಯರಾದ ನಿಕೋಲ್ ವಿಲಿಯಮ್ಸನ್ ಅವರೇ ಅಲ್ಲಿನ ನೋಮ್ ರಾಜ. ಕಿರುಗುಟ್ಟುವ ಆಸ್ಪತ್ರೆ ಗಾಡಿಯೇ ಕೈಕಾಲಿಗೆ ಚಕ್ರವಿರುವ ಜನರಾಗಿ ಮರಳುತ್ತದೆ. ಹುಡುಗಿ ತನ್ನ ಭಯಗಳನ್ನು ಬೇರೆ ವೇಷದಲ್ಲಿ ಭೇಟಿಯಾಗಿ ಗೆಲ್ಲುತ್ತಾಳೆ. ಈ ಜೋಡಣೆ ಮೊದಲ ಸಲಕ್ಕಿಂತ ಎರಡನೆಯ ಸಲ ಸ್ಪಷ್ಟವಾಗುತ್ತದೆ.

2008ರ 'ಪ್ರಿನ್ಸ್ ಕ್ಯಾಸ್ಪಿಯನ್' ಇದಕ್ಕೆ ಎದುರು ಉದಾಹರಣೆ. ನಾರ್ನಿಯಾ ಸರಣಿಯ ಈ ಎರಡನೆಯ ಚಿತ್ರಕ್ಕೆ ಸಿ.ಎಸ್. ಲೂಯಿಸ್ ಅವರ ಪುಸ್ತಕದಲ್ಲಿಲ್ಲದ ಕೋಟೆಯ ರಾತ್ರಿದಾಳಿಯನ್ನು ಸೇರಿಸಲಾಯಿತು. ಬಾಗಿಲು ಮುಚ್ಚಿಕೊಂಡು ನಾರ್ನಿಯಾದ ಜೀವಗಳು ಒಳಗೇ ಸಿಕ್ಕಿ ಸಾಯುತ್ತವೆ. ತಪ್ಪು ಕಥಾನಾಯಕರಲ್ಲೊಬ್ಬನಾದ ಪೀಟರ್‌ನ ಆತುರದ್ದೆಂದು ಚಿತ್ರ ಸೂಚಿಸುತ್ತದೆ, ಅಷ್ಟು ಪ್ರಾಮಾಣಿಕತೆ ಅದಕ್ಕಿದೆ. ಆದರೂ ಆ ದೃಶ್ಯಕ್ಕೆ ಹತ್ತು ಸಲ ಮರಳಿದರೂ ಕಾಣುವುದು ಅದೇ ಸೋಲು, ಅದೇ ಸಾವು. ಅದು ಸರಣಿಯನ್ನು ಕಪ್ಪಾಗಿಸಿತು, ಮಗುವಿಗೆ ನಿಲ್ಲಲು ಇನ್ನೊಂದು ಜಾಗ ಕೊಡಲಿಲ್ಲ.

ಆದ್ದರಿಂದ ಮಕ್ಕಳ ಚಿತ್ರದ ಕತ್ತಲೆಯನ್ನು ಕುರಿತು ತಂದೆತಾಯಿ, ಶಿಕ್ಷಕರು, ವಿಮರ್ಶಕರು ಕೇಳಬೇಕಾದ ಪ್ರಶ್ನೆ ಒಂದಿದೆ: ಇದಕ್ಕೆ ಮರಳಿ ಬಂದ ಮಗುವಿಗೆ ಈ ಚಿತ್ರ ಏನನ್ನು ಕಾದಿರಿಸಿದೆ? ಪ್ರಮಾಣಪತ್ರ ಈ ಪ್ರಶ್ನೆಗೆ ಉತ್ತರಿಸದು, ಏಕೆಂದರೆ ಅದನ್ನು ಕೊಡುವವರು ಎಣಿಸುವುದು ಅಪಾಯವನ್ನು. ಗಲ್ಲಾಪೆಟ್ಟಿಗೆಯೂ ಉತ್ತರಿಸದು. ಉತ್ತರ ಸಿಗುವುದು ಮನೆಯಲ್ಲಿ, ಹಿರಿಯರೂ ಮಗುವಿನ ಜೊತೆ ಕೂತು ಎರಡನೆಯ ಸಲ ನೋಡಿದಾಗ. ಕತ್ತಲೆಯ ಚಿತ್ರವನ್ನು ಮಗುವಿನಿಂದ ಬಚ್ಚಿಡುವುದಕ್ಕೂ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡುವುದಕ್ಕೂ ಹಿರಿಯರಿಗೆ ಶ್ರಮ ಬೇಕಿಲ್ಲ. ಮತ್ತೊಮ್ಮೆ ಕೂತು ನೋಡುವುದಕ್ಕೆ ಬೇಕು. ಮಕ್ಕಳ ಸಿನಿಮಾದ ಬಗ್ಗೆ ತೀರ್ಪು ಕೊಡುವ ಅಧಿಕಾರ ಆ ಶ್ರಮದಿಂದ ಬರುತ್ತದೆ.