ಗಜನಿ ಕಟ್ಟೆ ಕಾಯುವವರು ಯಾರು?

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಗೊಬ್ಬರದ ಮಾತು ಬಿಟ್ಟು ಅಘನಾಶಿನಿ ಹೊಳೆದಂಡೆಯ ಗಜನಿ ಕಟ್ಟೆಯ ಬಗ್ಗೆ ಎರಡು ಮಾತು ಹೇಳ್ತೇನೆ.

1901ರಿಂದ 2018ರ ಒಳಗೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ ಎಂದು ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ. ಅಂದರೆ ಹತ್ತಿರ ಹತ್ತಿರ ಒಂದು ಗೇಣು. ಘಟ್ಟದ ಮೇಲಿನವರಿಗೆ ಇದು ಏನೂ ಅಲ್ಲ. ಆದರೆ ಹುಣ್ಣಿಮೆ, ಅಮಾವಾಸ್ಯೆಯ ಭರತದಲ್ಲಿ ಕಟ್ಟೆಯ ತಲೆ ಮುಟ್ಟುವ ನೀರಿಗೆ ಒಂದು ಗೇಣು ಸಾಕಲ್ಲವೋ? ಉಪ್ಪುನೀರು ಒಮ್ಮೆ ಒಳಗೆ ನುಗ್ಗಿದರೆ ಗದ್ದೆಯೂ ಹೋಯ್ತು, ಬಾವಿಯೂ ಹೋಯ್ತು.

ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಸಮುದ್ರದೊಳಗೆ ಕಲ್ಲಿನ ತಡೆ ಕಟ್ಟಿದರು. ತೆರೆ ನೇರ ಹೊಡೆಯುವ ಜಾಗಕ್ಕೆ ಅಂಥ ದೊಡ್ಡ ಕೆಲಸ ಬೇಕಾಗ್ತದೆ. ಆದರೆ ಒಂದು ಕಡೆ ಕಲ್ಲು ಹಾಕಿದರೆ ಮರಳಿನ ಹರಿವು ತಪ್ಪಿ ಪಕ್ಕದ ದಂಡೆ ಕೊರೆಯುವುದೂ ಉಂಟು. ನಮ್ಮದು ಹೊಳೆಯೊಳಗಿನ ಊರು. ನಮಗೆ ಹಿರಿಯರು ಬಿಟ್ಟುಹೋದ ಮೂರು ಕಾವಲುಗಾರರಿದ್ದಾರೆ.

ಮೊದಲನೆಯದು ಕಟ್ಟೆ ಮತ್ತು ಅದರ ಹಲಗೆ ಬಾಗಿಲು. ಭರತದ ನೀರು ತಡೆದು, ಇಳಿತದಲ್ಲಿ ಮಳೆನೀರು ಹೊರಗೆ ಬಿಡುವುದು ಇದರ ಕೆಲಸ. ಏಡಿ ಕೊರೆದ ಒಂದು ಬಿಲ ಮುಚ್ಚದಿದ್ದರೆ ಅದೇ ನಾಳೆ ಗಂಡಿ ಆಗ್ತದೆ.

ಎರಡನೆಯದು ಕಾಂಡ್ಲ ಗಿಡ. ಅದರ ಬೇರು ಮಣ್ಣು ಹಿಡಿಯುತ್ತದೆ, ತೆರೆಯ ಹೊಡೆತ ತಗ್ಗಿಸುತ್ತದೆ, ಮೀನುಮರಿಗೆ ಆಸರೆಯೂ ಹೌದು. ಕಟ್ಟಿಗೆಗೆಂದು ಕಾಂಡ್ಲ ಕಡಿಯುವುದೆಂದರೆ ಮನೆಯ ಕದ ಕಿತ್ತು ಒಲೆಗೆ ಹಾಕಿದ ಹಾಗೆ.

ಮೂರನೆಯದು ಕಗ್ಗ ಭತ್ತ. ಉಪ್ಪು ತಾಳಿಕೊಂಡು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುವ ತಳಿ. ಹೊಳೆಯ ಹೂಳೇ ಇದಕ್ಕೆ ಗೊಬ್ಬರ. ಕುಮಟಾ ತಾಲೂಕಿನ ಮಾಣಿಕಟ್ಟೆಯ ರೈತರು ಇದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಗದ್ದೆ ಹಡ್ಲು ಬಿಟ್ಟಲ್ಲಿ ಕಟ್ಟೆಯ ಕಡೆ ಯಾರೂ ಹೋಗುವುದಿಲ್ಲ. ಬೆಳೆ ಇದ್ದರೆ ಮಾತ್ರ ಕಾವಲು.

ಸರಕಾರದ ಖಾರ್‌ಲ್ಯಾಂಡ್ ಕಟ್ಟೆ ಬಂದ ಮೇಲೆ ದುರಸ್ತಿಯೂ ಸರಕಾರದ್ದೇ ಎಂದು ನಾವು ಸುಮ್ಮನೆ ಕೂತೆವು. ಅರ್ಜಿ ಕೊಡೋಣ, ಬೇಡವೆನ್ನುವುದಿಲ್ಲ. ಆದರೆ ಅರ್ಜಿ ಮಂಜೂರಾಗುವ ತನಕ ಭರತ ಕಾಯುವುದಿಲ್ಲ. ಆದ್ದರಿಂದ ನನ್ನ ಸೂಚನೆ ಇಷ್ಟೇ: ವರ್ಷವೂ ಮಳೆಗಾಲಕ್ಕೆ ಮೊದಲು ಗಜನಿಯಲ್ಲಿ ಪಾಲು ಇದ್ದ ಪ್ರತಿ ಮನೆಯಿಂದ ಒಂದು ಆಳು ಕಟ್ಟೆ ಕೆಲಸಕ್ಕೆ ಬರಲಿ. ಸಂಘ ತನ್ನ ಲಾಭದಲ್ಲಿ ಒಂದು ಪಾಲನ್ನು ಕಟ್ಟೆ ನಿಧಿಗೆಂದು ತೆಗೆದಿಡಲಿ, ಕಗ್ಗದ ಬೀಜ ಸಂಗ್ರಹಿಸಿ ಸದಸ್ಯರಿಗೆ ಕೊಡಲಿ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಇದು ಠರಾವಾಗಬೇಕು.

ಸಹಕಾರ ಎಂಬ ಶಬ್ದ ಬರುವ ಮೊದಲೇ ನಮ್ಮ ಹಿರಿಯರು ಕೂಡಿ ಕಟ್ಟೆ ಕಟ್ಟಿದ್ದರು. ಅದನ್ನು ಉಳಿಸುವುದು ನಮ್ಮ ಪಾಲಿನ ಕೆಲಸ.